ಊರಿಗೆ ನೀರೆತ್ತಿದ ಕೈಪಂಪು

ಶಾಲೆಯ ಪಕ್ಕದಲ್ಲೋ ಗುಡಿಯ ಮುಂದೋ ನಿಂತಿರುವ ಕೈಪಂಪನ್ನು ಯಾರೂ ತಿರುಗಿ ನೋಡುವುದಿಲ್ಲ. ‘ಬೋರಿಂಗು’ ಎಂದಷ್ಟೇ ಕರೆದು, ಕೊಡ ತುಂಬಿಸಿಕೊಂಡು ನಡೆದುಬಿಡುತ್ತೇವೆ. ಆದರೆ ಬಳಸುವವರ ಬದುಕನ್ನು ಅರಿತು ರೂಪಿಸಿದ ವಸ್ತು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಇದರ ಹೆಸರು ‘ಇಂಡಿಯಾ ಮಾರ್ಕ್ 2’.

1966–67ರಲ್ಲಿ ಬಿಹಾರ, ಉತ್ತರ ಪ್ರದೇಶಗಳು ಭೀಕರ ಬರಕ್ಕೆ ತುತ್ತಾದವು. ತೆರೆದ ಬಾವಿಗಳು ಬತ್ತಿದವು. ಗಟ್ಟಿ ಬಂಡೆಯನ್ನು ಬೇಗನೆ ಕೊರೆಯಬಲ್ಲ ಯಂತ್ರಗಳನ್ನು ಯುನಿಸೆಫ್ ಭಾರತಕ್ಕೆ ತಂದಿತು. ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿಗಳು ಬಂದವು. ಅವುಗಳ ಮೇಲೆ ಬೀಡುಕಬ್ಬಿಣದ ಪಂಪುಗಳನ್ನು ಕೂರಿಸಲಾಯಿತು. ಆದರೆ 1970ರ ದಶಕದ ನಡುವೆ ಸಮೀಕ್ಷೆ ನಡೆಸಿದಾಗ ಸುಮಾರು ಮುಕ್ಕಾಲು ಪಾಲು ಪಂಪುಗಳು ಕೆಟ್ಟು ನಿಂತಿದ್ದವು. ನೆಲದಡಿ ನೀರಿತ್ತು, ಮೇಲೆ ಬರುತ್ತಿರಲಿಲ್ಲ. ಹೆಂಗಸರು ಮತ್ತೆ ಕೆರೆಕುಂಟೆಗಳ ಹಾದಿ ಹಿಡಿದರು.

ತಪ್ಪು ಎಲ್ಲಿತ್ತು? ಆ ಪಂಪುಗಳು ಯುರೋಪ್, ಅಮೆರಿಕಗಳ ತೋಟದ ಮನೆಗಳ ಪಂಪುಗಳ ನಕಲು. ಅಲ್ಲಿ ಒಂದು ಕುಟುಂಬ ದಿನಕ್ಕೆ ನಾಲ್ಕಾರು ಬಾರಿ ಹಿಡಿ ಒತ್ತಿದರೆ ಮುಗಿಯಿತು. ಇಲ್ಲಿ ನಸುಕಿನಿಂದ ಕತ್ತಲಾಗುವವರೆಗೆ ನೂರಾರು ಜನರ ಸಾಲು. ಕೀಲುಗಳು ಸವೆದವು, ಹಿಡಿಗಳು ಮುರಿದವು. ಜನ ಒರಟಾಗಿ ಬಳಸುತ್ತಾರೆಂದು ದೂರುವುದು ಸುಲಭ. ಆದರೆ ಪಂಪು ಈ ಜನರಿಗಾಗಿ ಹುಟ್ಟಿದ್ದೇ ಆಗಿರಲಿಲ್ಲ.

ಪರಿಹಾರದ ಬೀಜ ದೊರೆತದ್ದು ನಮ್ಮ ಗಡಿಗೆ ಅಂಟಿಕೊಂಡಿರುವ, ಕನ್ನಡವೂ ಮನೆಮಾತಾಗಿರುವ ಸೊಲ್ಲಾಪುರದಲ್ಲಿ. ಅಲ್ಲಿ ಬಳಕೆಯಲ್ಲಿದ್ದ ಪಂಪಿನ ಹಿಡಿಗೆ ಹಲವು ಕೀಲುಗಳ ಬದಲು ಒಂದೇ ಗಟ್ಟಿ ಕೀಲು ಇತ್ತು. ಅನುಭವದಿಂದಲೇ ಕಸುಬು ಕಲಿತ ಮೆಕ್ಯಾನಿಕ್ ಒಬ್ಬರ ಕೈಚಳಕ ಅದು ಎನ್ನುತ್ತಾರೆ. ಅದನ್ನೇ ಆಧಾರವಾಗಿಟ್ಟುಕೊಂಡು ಸರ್ಕಾರ, ಯುನಿಸೆಫ್ ಹಾಗೂ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯ ಎಂಜಿನಿಯರುಗಳು ಹೊಸ ಪಂಪನ್ನು ರೂಪಿಸಿದರು. ಅವರ ಗುರಿ ಸ್ಪಷ್ಟವಾಗಿತ್ತು: ಸಾಧಾರಣ ಕಾರ್ಖಾನೆಯಲ್ಲೂ ತಯಾರಾಗಬೇಕು, ಬೆಲೆ ಕಡಿಮೆಯಿರಬೇಕು, ಒಂದು ವರ್ಷವಾದರೂ ದೊಡ್ಡ ರಿಪೇರಿ ಬೇಡದಿರಬೇಕು. ಕೊಯಮತ್ತೂರಿನ ಸುತ್ತಮುತ್ತ ಪರೀಕ್ಷೆ ನಡೆದು, 1977–78ರ ಹೊತ್ತಿಗೆ ತಯಾರಿಕೆ ಆರಂಭವಾಯಿತು.

ಪಂಪಿನ ಗುಟ್ಟು ಸರಳ. ಹಿಡಿ ಬೇರಿಂಗಿನ ಮೇಲೆ ತಿರುಗುತ್ತದೆ. ಅದರ ತುದಿಯ ಕಮಾನಿನ ಮೇಲೆ ಸರಪಳಿಯೊಂದು ಹಾದು ಒಳಗಿನ ಸರಳನ್ನು ಓರೆಯಾಗದಂತೆ ನೇರವಾಗಿ ಎತ್ತುತ್ತದೆ. ಉದ್ದನೆಯ ಉಕ್ಕಿನ ಹಿಡಿಯ ಭಾರವೇ ಸರಳಿನ ಭಾರವನ್ನು ಸರಿದೂಗಿಸುವುದರಿಂದ ಶಾಲೆಯ ಹುಡುಗಿಯೂ ನೀರೆತ್ತಬಲ್ಲಳು. ಬುಡದ ಕಾಂಕ್ರೀಟು ಕಟ್ಟೆ ಕೊಳಚೆ ನೀರು ಬಾವಿಗಿಳಿಯದಂತೆ ತಡೆಯುತ್ತದೆ. ಯಾವ ಕಾರ್ಖಾನೆ ಬೇಕಾದರೂ ಇದನ್ನು ತಯಾರಿಸಬಹುದಿತ್ತು. ಹಾಗಾಗಿ ಲಕ್ಷಾಂತರ ಪಂಪುಗಳು ದೇಶದಲ್ಲಷ್ಟೇ ಅಲ್ಲ, ಆಫ್ರಿಕಾದಲ್ಲೂ ನೆಲೆಯೂರಿದವು.

ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣು, ಜನ ಕಾಲಿಟ್ಟು ನೀರು ತುಂಬುತ್ತಿದ್ದ ಮೆಟ್ಟಿಲು ಬಾವಿಗಳಿಂದ ಹರಡುತ್ತಿತ್ತು. 1996ರಲ್ಲಿ ಭಾರತದ ಕೊನೆಯ ರೋಗಿ ಕಂಡುಬಂದರು. 2000ದಲ್ಲಿ ದೇಶ ಆ ಪಿಡುಗಿನಿಂದ ಮುಕ್ತವೆಂದು ಘೋಷಿತವಾಯಿತು. ಈ ಗೆಲುವಿನಲ್ಲಿ ಕೈಪಂಪಿಗೂ ಪಾಲಿದೆ.

ಕೊರತೆಯೂ ಇತ್ತು. ಒಳಗಿನ ವಾಷರು ಸವೆದರೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಜಿಲ್ಲಾ ಕೇಂದ್ರದಿಂದ ಲಾರಿ, ಆಳುಗಳು ಬರುವವರೆಗೆ ಊರು ಕಾಯಬೇಕು. 1980ರ ದಶಕದಲ್ಲಿ ರೂಪುಗೊಂಡ ‘ಮಾರ್ಕ್ 3’ರಲ್ಲಿ ಕೊಳವೆಯನ್ನು ಅಗಲಗೊಳಿಸಿ, ಪಿಸ್ಟನ್ನನ್ನಷ್ಟೇ ಹೊರತೆಗೆಯುವ ಏರ್ಪಾಡು ಮಾಡಲಾಯಿತು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಹಳ್ಳಿಯ ಹೆಂಗಸರೇ ಸ್ಪ್ಯಾನರು ಹಿಡಿದು ಪಂಪು ರಿಪೇರಿಗೆ ನಿಂತರು.

ಅಂತರ್ಜಲ ಪಾತಾಳಕ್ಕಿಳಿದ ಊರುಗಳಲ್ಲಿ ಈಗ ಹಿಡಿ ಒತ್ತಿದರೆ ಬರೀ ಗಾಳಿ. ಆ ತಪ್ಪು ಪಂಪಿನದಲ್ಲ. ಆದರೆ ಮುಂದೆ ಮನೆಮನೆಗೆ ನಲ್ಲಿ ಹಾಕುವವರಿಗೂ ಅದು ಒಂದು ಪಾಠ ಉಳಿಸಿದೆ: ವಸ್ತುವನ್ನು ರೂಪಿಸುವಾಗ ಮೊದಲು ಕೇಳಬೇಕಾದದ್ದು, ಇದನ್ನು ದಿನವೂ ಹಿಡಿಯುವ ಕೈ ಯಾರದು, ಕೆಟ್ಟಾಗ ಸರಿಮಾಡುವ ಕೈ ಯಾರದು ಎಂದು.