ಹೃದಯದ ಎಕೋ ಪರೀಕ್ಷೆ: ವರದಿಯನ್ನು ಓದುವ ಬಗೆ

ಕಾಣಕೋಣದ ಕನ್ನಡ ಕುಟುಂಬಗಳು ಹೃದಯ ತಪಾಸಣೆಗೆಂದು ಮಡಗಾಂವಿಗೋ ಬಾಂಬೋಳಿಗೋ ಕಾರವಾರಕ್ಕೋ ಹೋದಾಗ ಕೈಗೆ ಬರುವ ಎಕೋ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ಇ.ಎಫ್.’ ಎಂಬ ಅಂಕಿ. ತುಂಬಿದ ಎಡ ಹೃತ್ಕುಕ್ಷಿಯು ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆಂಬುದನ್ನು ಅದು ತಿಳಿಸುತ್ತದೆ. ಸುಮಾರು 55ರಿಂದ 70 ಸಹಜ. 60 ಬಂದರೆ ಶಾಲೆಯ ಅಂಕಪಟ್ಟಿಯಂತೆ ಓದಿ ಗಾಬರಿಪಡಬೇಕಿಲ್ಲ.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಅವರು ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುತ್ತಿದ್ದ ಉಪಕರಣದಿಂದಲೇ ಈ ಪರೀಕ್ಷೆಯನ್ನು ಆರಂಭಿಸಿದರು. ಇದರಲ್ಲಿ ಬಳಸುವುದು ಶ್ರವಣಾತೀತ ಧ್ವನಿತರಂಗವನ್ನೇ ಹೊರತು ಎಕ್ಸ್-ರೇಯನ್ನಲ್ಲ, ಗರ್ಭಿಣಿಯರಿಗೂ ಮಾಡಬಹುದು. ಡಾಪ್ಲರ್ ವಿಧಾನವು ರಕ್ತದ ದಿಕ್ಕನ್ನೂ ವೇಗವನ್ನೂ ಅಳೆದು ಕವಾಟದ ಸೋರಿಕೆಯನ್ನು ತೋರಿಸುತ್ತದೆ.

ಆದರೆ ಇ.ಎಫ್. ಸಹಜವಾಗಿದ್ದರೂ ಹೃದಯಸ್ನಾಯು ದಣಿದಿರಬಹುದು. ಅದನ್ನು ಬೇಗ ಗುರುತಿಸಲು ನೆರವಾಗುವುದು ‘ಸ್ಟ್ರೇನ್’ ಎಂಬ ಮುಂದುವರಿದ ಅಳತೆ. ಪ್ರತಿ ಬಡಿತದಲ್ಲಿ ಸ್ನಾಯು ಉದ್ದದಲ್ಲಿ ಎಷ್ಟು ಕುಗ್ಗಿತೆಂಬುದನ್ನು ಕಂಪ್ಯೂಟರ್ ಲೆಕ್ಕಹಾಕುತ್ತದೆ. ಸಹಜವಾದ ಅಂಕಿ ಸುಮಾರು ಮೈನಸ್ 20. ಮೈನಸ್ ಚಿಹ್ನೆ ಕುಗ್ಗುವಿಕೆಯ ಗುರುತೇ ವಿನಾ ದೋಷವಲ್ಲ. ಹೃದಯಕ್ಕೆ ಹಾನಿಮಾಡಬಲ್ಲ ಕ್ಯಾನ್ಸರ್ ಔಷಧಿಗಳನ್ನು ಪಡೆಯುವವರಿಗೆ ಈ ಅಳತೆ ವಿಶೇಷವಾಗಿ ಉಪಯುಕ್ತ.

ಯಂತ್ರ ಬದಲಾದರೆ ಸ್ಟ್ರೇನ್ ಅಂಕಿಯೂ ತುಸು ಬದಲಾಗುತ್ತದೆ. ಆದ್ದರಿಂದ ಮರುಪರೀಕ್ಷೆಯನ್ನು ಸಾಧ್ಯವಾದಷ್ಟೂ ಒಂದೇ ಕಡೆ ಮಾಡಿಸುವುದು ಲೇಸು. ಗಡಿ ದಾಟಿ ಬೇರೆ ಆಸ್ಪತ್ರೆಗೆ ಹೋಗುವಾಗ ಹಳೆಯ ವರದಿ ಜೊತೆಗಿರಲಿ.