ಮುಟ್ಟದೆ ತೆರೆಯುವ ಕೀಲಿಕೈ

ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಬೀಗಕ್ಕೆ ಕೀಲಿ ಅನ್ನುತ್ತೇವೆ, ಅದನ್ನು ತೆರೆಯುವುದಕ್ಕೆ ಕೀಲಿಕೈ. ಮರಾಠಿಯಲ್ಲಿ ಬೀಗಕ್ಕೆ ಕುಲೂಪ, ತೆರೆಯುವುದಕ್ಕೆ ಕಿಲ್ಲಿ. ಎರಡೂ ಭಾಷೆ ಆಡುವ ನಮ್ಮ ಮಕ್ಕಳಿಗೆ ‘ಕೀಲಿ ತಾ’ ಎಂದು ಹೇಳಿ ಕಳಿಸಿದರೆ ಒಬ್ಬ ಬೀಗ ತರುತ್ತಾನೆ, ಇನ್ನೊಬ್ಬ ಚಾವಿ ತರುತ್ತಾನೆ! ಅದೇನೇ ಇರಲಿ, ಕೀಲಿಕೈ ಎಂಬ ಮಾತು ನಮಗೆ ಬಹಳ ಪ್ರಿಯ. ಕೀಲಿಯ ಹೊಟ್ಟೆಯೊಳಗೆ ಹೋಗಿ ತಿರುಗುವ ಪುಟ್ಟ ಕೈ ಅದು. ಈಗ ಆ ಕೈ ಕೀಲಿಯನ್ನು ಮುಟ್ಟುವುದೇ ಇಲ್ಲ. ಕೀ ಚೈನಿಗೆ ಜೋತುಬಿದ್ದ ಹುಣಸೆಬೀಜದಂಥ ಗುಂಡಿಯನ್ನು ಒತ್ತಿದರೆ ಸಾಕು, ಇಪ್ಪತ್ತು ಹೆಜ್ಜೆ ಆಚೆ ನಿಂತ ಗಾಡಿ ‘ಟಿಕ್’ ಎಂದು ಬಾಗಿಲು ಬಿಚ್ಚುತ್ತದೆ.

ವಿಜ್ಞಾನದ ಪಾಠದಲ್ಲಿ ರೇಡಿಯೋ ಅಲೆಗಳ ಮಾತು ಬಂದಾಗ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ: “ಸರ, ನಮ್ಮ ಕಾಕಾ ರಿಮೋಟ್ ಒತ್ತಿದ್ರ ಬಾಜೂ ನಿಂತ ಗಾಡಿ ಯಾಕ ತೆರಿಯೂದಿಲ್ರಿ? ಗಾಳಿಯೊಳಗ ಹೋಗೂದು ಎಲ್ಲಾ ಗಾಡಿಗೂ ಕೇಳಸ್ತದಲ್ರಿ?”

ಪ್ರಶ್ನೆ ಸಣ್ಣದು, ಉತ್ತರಕ್ಕೆ ಮಾತ್ರ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ. ಕೇಳಿಸುವುದೇನೋ ಎಲ್ಲ ಗಾಡಿಗಳಿಗೂ ಕೇಳಿಸುತ್ತದೆ. ಇದು ನನ್ನ ಯಜಮಾನನ ಮಾತೇ ಅಲ್ಲವೇ ಎಂದು ಗುರುತಿಸುವುದೇ ಕಷ್ಟದ ಕೆಲಸ. ದೂರದಿಂದ ಬಾಗಿಲು ತೆರೆಯುವುದನ್ನು ಮನುಷ್ಯ ಬೇಗ ಕಲಿತ, ಗುರುತು ಹಿಡಿಯುವುದನ್ನು ಇನ್ನೂ ಕಲಿಯುತ್ತಲೇ ಇದ್ದಾನೆ.

ಮೊದಲು ನಮ್ಮ ದೇಶದವರಿಂದಲೇ ಆರಂಭಿಸೋಣ. 1890ರ ದಶಕದ ಮಧ್ಯಭಾಗದಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳನ್ನು ಗೋಡೆಯ ಆಚೆಗೆ ಕಳಿಸಿ, ಅಲ್ಲಿ ಗಂಟೆ ಬಾರಿಸಿ, ಸಿಡಿಮದ್ದಿಗೆ ಕಿಡಿ ಹಚ್ಚಿ ತೋರಿಸಿದರು. ತಂತಿಯ ಸಂಪರ್ಕವಿಲ್ಲದೆ ದೂರದ ವಸ್ತುವೊಂದು ಕೆಲಸ ಮಾಡಿತ್ತು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಪ್ರದರ್ಶನದಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದಲೇ ಓಡಿಸಿ, ತಿರುಗಿಸಿ, ಅದರ ದೀಪಗಳನ್ನು ಬೆಳಗಿಸಿದ. ಅದೇ ವರ್ಷದ ನವೆಂಬರ್ 8ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಇಂದು ನಮ್ಮ ಜೇಬಿನಲ್ಲಿರುವ ರಿಮೋಟಿನ ಮುತ್ತಜ್ಜ ಆ ದೋಣಿಯೇ.

ನಮ್ಮ ಹುಡುಗ ಕೇಳಿದ ಪ್ರಶ್ನೆ ಟೆಸ್ಲಾನ ತಲೆಯಲ್ಲೂ ಹೊಕ್ಕಿತ್ತು. ಬೇರೆ ಯಾರಾದರೂ ಅದೇ ಅಲೆ ಕಳಿಸಿದರೆ? ಎರಡು ಬೇರೆ ಬೇರೆ ಆವೃತ್ತಿಯ ಅಲೆಗಳು ಒಟ್ಟಿಗೆ ಬಂದರೆ ಮಾತ್ರ ಯಂತ್ರ ಮಿಸುಕಬೇಕು, ಒಂದೇ ಬಂದರೆ ಸುಮ್ಮನಿರಬೇಕು ಎಂಬ ವಿಧಾನಕ್ಕೆ ಅವನು 1903ರಲ್ಲಿ ಪೇಟೆಂಟ್ ಪಡೆದ. ಅಲೆಗೆ ಕೀಲಿ ಹಾಕುವ ವಿಚಾರ ಅಷ್ಟು ಹಳೆಯದು. ಆದರೆ ಮುಂದೆ ಮನೆಮನೆಗೆ ರಿಮೋಟ್ ತಂದವರು ಈ ಎಚ್ಚರವನ್ನು ಬಹುಕಾಲ ಬದಿಗಿಟ್ಟರು.

ಮನೆಗೆ ರಿಮೋಟ್ ಬಂದದ್ದು ಟೀವಿಯ ಜೊತೆಗೆ. ಅಮೆರಿಕದ ಜೆನಿತ್ ಕಂಪನಿಗಾಗಿ 1955ರಲ್ಲಿ ಯೂಜೀನ್ ಪಾಲಿ ಬೆಳಕಿನಿಂದ ಕೆಲಸ ಮಾಡುವ ರಿಮೋಟ್ ಮಾಡಿದ. ಕಿಟಕಿಯ ಬಿಸಿಲು ಬಿದ್ದರೂ ಟೀವಿ ತನ್ನಷ್ಟಕ್ಕೆ ಚಾನೆಲ್ ಬದಲಿಸುತ್ತಿತ್ತು! 1956ರಲ್ಲಿ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬ್ಯಾಟರಿಯೇ ಬೇಡದ ರಿಮೋಟ್ ಮಾಡಿದ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯುಮಿನಿಯಂ ಕಡ್ಡಿಗೆ ಬಡಿದು, ನಮ್ಮ ಕಿವಿಗೆ ನಿಲುಕದ ಸ್ವರ ಹೊರಡಿಸುತ್ತಿತ್ತು. ಇಲ್ಲಿಯೂ ಚಾವಿಯ ಗೊಂಚಲು ಝಣಗುಟ್ಟಿದರೆ ಟೀವಿ ಮೋಸ ಹೋಗುತ್ತಿತ್ತು. ಟೀವಿ ಮೋಸ ಹೋದರೆ ನಗಬಹುದು, ಮನೆಯ ಬಾಗಿಲು ಮೋಸ ಹೋದರೆ?

ಅದೂ ಆಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ರೇಡಿಯೋ ರಿಮೋಟಿನಿಂದ ಗ್ಯಾರೇಜಿನ ಬಾಗಿಲು ತೆರೆಯುವ ರೂಢಿ ಹಬ್ಬಿತು. ಮೊದಮೊದಲಿನವುಗಳಲ್ಲಿ ಗುರುತಿನ ಸಂಕೇತವೇ ಇರಲಿಲ್ಲ. ಒಬ್ಬ ತನ್ನ ಗುಂಡಿ ಒತ್ತಿದರೆ ನೆರೆಮನೆಯ ಬಾಗಿಲೂ ಮೇಲೇಳುತ್ತಿತ್ತು. ಆಮೇಲೆ ರಿಮೋಟಿನೊಳಗೆ ಸಣ್ಣ ಸ್ವಿಚ್ಚುಗಳ ಸಾಲು ಬಂತು. ಎಂಟು ಸ್ವಿಚ್ಚಿದ್ದರೆ 256 ಸಂಕೇತಗಳು, ಹನ್ನೆರಡಿದ್ದರೆ 4096. ನೆರೆಯವರ ಕಾಟ ತಪ್ಪಿತು, ಆದರೆ ಮೂಲದ ದೋಷ ಉಳಿಯಿತು. ರಿಮೋಟ್ ಪ್ರತಿಸಲವೂ ಅದೇ ಒಂದು ಮಾತನ್ನು ಗಾಳಿಗೆ ಒದರುತ್ತದೆ. ಕೇಳಿಸಿಕೊಂಡವನು ಅದನ್ನೇ ತಿರುಗಿ ಒದರಿದರೆ ಬಾಗಿಲು ತೆರೆದಂತೆಯೇ. ಸಂಕೇತಗಳ ಸಂಖ್ಯೆ ನಾಲ್ಕು ಸಾವಿರವಿದ್ದರೂ ನಾಲ್ಕು ಲಕ್ಷವಿದ್ದರೂ ಈ ದೋಷಕ್ಕೆ ಮದ್ದಿಲ್ಲ.

ಇದು ದೂರದ ದೇಶದ ಹಳೆಯ ಕಥೆ ಎಂದು ತಿಳಿಯಬೇಡಿ. ನಮ್ಮ ಬಳಗದ ಒಬ್ಬರ ಕಿರಾಣಿ ಅಂಗಡಿಗೆ ಮೋಟಾರಿನ ಶಟರ್ ಇದೆ. ಮಗನಿಗೂ ಒಂದು ರಿಮೋಟ್ ಇರಲಿ ಎಂದು ಪೇಟೆಗೆ ಒಯ್ದರು. ರಿಪೇರಿಯವನು ಇವರ ರಿಮೋಟನ್ನು ಇನ್ನೊಂದರ ಪಕ್ಕ ಹಿಡಿದು ಒಮ್ಮೆ ಒತ್ತಿದ, ಎರಡೇ ನಿಮಿಷದಲ್ಲಿ ನಕಲು ಸಿದ್ಧ. ಇವರು ಖುಷಿಯಾಗಿ ಮನೆಗೆ ಬಂದರು. ಅಂಥ ನಕಲು ಇನ್ನೂ ಎಷ್ಟಾದರೂ ಆಗಬಹುದು, ಅದಕ್ಕೆ ರಿಮೋಟು ಕೈಗೆ ಸಿಗಬೇಕೆಂದೂ ಇಲ್ಲ, ಗಾಳಿಯಲ್ಲಿ ಹೋಗುವಾಗ ಕೇಳಿಸಿಕೊಂಡರೂ ಸಾಕು ಎಂದು ನಾವು ಹೇಳಿದಾಗ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

ವಾಹನಗಳ ಕಡೆ ಬರೋಣ. 1982ರಲ್ಲಿ ಫ್ರಾನ್ಸಿನ ರೆನೋ ಕಂಪನಿ ತನ್ನ ಫ್ಯೂಗೋ ಕಾರಿಗೆ ಅವಕೆಂಪು ಕಿರಣದ ರಿಮೋಟ್ ಕೊಟ್ಟಿತು. ಅದನ್ನು ರೂಪಿಸಿದ ಪಾಲ್ ಲಿಪ್‌ಶುಟ್ಸ್‌ನ ಹೆಸರಿನಿಂದಲೇ ಫ್ರೆಂಚರು ಕಾರಿನ ರಿಮೋಟಿಗೆ ‘ಪ್ಲಿಪ್’ ಅನ್ನುತ್ತಾರೆ. ಮುಂದೆ ಕಿರಣದ ಜಾಗದಲ್ಲಿ ರೇಡಿಯೋ ಅಲೆ ಬಂತು. ಗುರಿ ಹಿಡಿಯುವ ಕೆಲಸ ತಪ್ಪಿತು, ಕದ್ದು ಕೇಳುವವನ ಕೆಲಸವೂ ಹಗುರಾಯಿತು.

ಆ ದೋಷಕ್ಕೆ ಮದ್ದು ಸಿಕ್ಕದ್ದು 1980ರ ದಶಕದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ನ್ಯಾನೋಟೆಕ್ ಎಂಬ ಕಂಪನಿ ‘ಕೀಲಾಕ್’ ಎಂಬ ವಿಧಾನವನ್ನು ರೂಪಿಸಿತು. ಒಂದು ಉದಾಹರಣೆಯಿಂದ ಹೇಳುತ್ತೇವೆ. ಊರ ಕಾವಲುಗಾರನ ಬಳಿಯೂ ನಿಮ್ಮ ಬಳಿಯೂ ಒಂದೇ ತೆರನಾದ ಎರಡು ಪುಸ್ತಕಗಳಿವೆ ಎನ್ನಿ. ಪ್ರತಿಸಲ ಬಂದಾಗಲೂ ನೀವು ಮುಂದಿನ ಪುಟದ ಮಾತು ಹೇಳಬೇಕು. ಹೇಳಿದ ಪುಟವನ್ನು ಅವನು ಹರಿದು ಎಸೆಯುತ್ತಾನೆ. ನೀವು ಇಂದು ಹೇಳಿದ್ದನ್ನು ಕಳ್ಳನೊಬ್ಬ ಕೇಳಿಸಿಕೊಂಡು ನಾಳೆ ಹೇಳಿದರೆ ಆ ಪುಟವೇ ಇಲ್ಲ! ಇದಕ್ಕೆ ರೋಲಿಂಗ್ ಕೋಡ್ ಎಂದು ಹೆಸರು. ಪುಸ್ತಕದ ಬದಲು ರಿಮೋಟಿನೊಳಗೆ ಒಂದು ಎಣಿಕೆ ಮತ್ತು 64 ಬಿಟ್ಟಿನ ಗುಟ್ಟಿನ ಸಂಖ್ಯೆ ಇರುತ್ತವೆ. ಒತ್ತಿದಾಗಲೆಲ್ಲ ಎಣಿಕೆ ಒಂದು ಹೆಚ್ಚುತ್ತದೆ, ಎರಡನ್ನೂ ಕಲೆಸಿ ಹೊಸ ಮಾತು ಹುಟ್ಟುತ್ತದೆ. ಜೇಬಿನಲ್ಲಿ ಗುಂಡಿ ಸುಮ್ಮನೆ ಒತ್ತಿಹೋದರೆ? ಅದಕ್ಕೂ ಉಪಾಯವಿದೆ. ಮುಂದಿನ ಹದಿನಾರು ಮಾತುಗಳಲ್ಲಿ ಯಾವುದು ಬಂದರೂ ಬಾಗಿಲು ಒಪ್ಪುತ್ತದೆ. ಅದಕ್ಕಿಂತ ದೂರ ಹೋಗಿದ್ದರೆ ಬೆನ್ನಬೆನ್ನಿಗೆ ಎರಡು ಸಲ ಒತ್ತಿಸಿಕೊಂಡು ಲೆಕ್ಕ ಸರಿಮಾಡಿಕೊಳ್ಳುತ್ತದೆ.

1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಇದನ್ನು ಕೊಂಡುಕೊಂಡಿತು. ಅನೇಕ ಕಂಪನಿಗಳ ಕಾರು, ಗೇಟುಗಳಿಗೆ ಇದು ಬಂತು. ಆದರೆ ಸಂಖ್ಯೆಯಷ್ಟೇ ಅಲ್ಲ, ಕಲೆಸುವ ವಿಧಾನವೂ ಗುಟ್ಟಾಗಿರಬೇಕೆಂದು ಬಯಸಿದ್ದರು. ಇಲ್ಲಿಯೇ ತಪ್ಪಿದ್ದು. ಬೀಗದ ಇತಿಹಾಸ ಈ ಪಾಠವನ್ನು ಮೊದಲೇ ಹೇಳಿತ್ತು. ಲಂಡನ್ನಿನ ಬ್ರಾಮಾ ಕಂಪನಿಯವರು ತಮ್ಮ ಬೀಗ ತೆರೆದವರಿಗೆ 200 ಗಿನಿ ಬಹುಮಾನ ಎಂದು ಅಂಗಡಿಯ ಕಿಟಕಿಯಲ್ಲಿ ಫಲಕ ಇಟ್ಟಿದ್ದರು. ಅರವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಆಗಲಿಲ್ಲ. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆರೆದುಬಿಟ್ಟ. ಬೀಗದ ದೋಷ ಮುಚ್ಚಿಟ್ಟರೆ ಕಳ್ಳನಿಗೇನೂ ನಷ್ಟವಿಲ್ಲ, ಅವನಿಗೆ ಅದು ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದವನು ಮನೆಯ ಯಜಮಾನ ಎಂಬ ವಾದ ಆಗಲೇ ಎದ್ದಿತು. 1883ರಲ್ಲಿ ಆಗುಸ್ಟ್ ಕೆರ್ಕಾಫ್ಸ್ ಎಂಬ ಭಾಷಾವಿದ್ವಾಂಸ ಇದನ್ನು ನಿಯಮವಾಗಿಯೇ ಹೇಳಿದ. ವಿಧಾನ ಶತ್ರುವಿನ ಕೈಗೆ ಸಿಕ್ಕರೂ ಸಂಕೇತ ಉಳಿಯಬೇಕು, ಗುಟ್ಟು ಇರಬೇಕಾದದ್ದು ಕೀಲಿಕೈಯಲ್ಲಿ ಮಾತ್ರ.

ಕೀಲಾಕ್ ವಿಧಾನ ಅಂತರಜಾಲದಲ್ಲಿ ಹೊರಬಿದ್ದ ಮೇಲೆ ಪಂಡಿತರು ಸುಮ್ಮನಿರಲಿಲ್ಲ. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಚಿಪ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಅಳೆದೇ ತಯಾರಕರ ಮೂಲ ಗುಟ್ಟನ್ನು ಹೊರತೆಗೆದರು. ಅದು ಸಿಕ್ಕ ಮೇಲೆ ರಿಮೋಟಿನ ಎರಡು ಮಾತು ಕೇಳಿಸಿಕೊಂಡರೆ ನಕಲು ಮಾಡಬಹುದಾಗಿತ್ತು. 2016ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರೂ ಜರ್ಮನಿಯ ಸಂಶೋಧಕರೂ ಕೂಡಿ ಫೋಕ್ಸ್‌ವ್ಯಾಗನ್ ಗುಂಪಿನ ವಾಹನಗಳನ್ನು ಪರೀಕ್ಷಿಸಿದರು. 1995ರಿಂದ ಮಾರಿದ ಸುಮಾರು 10 ಕೋಟಿ ವಾಹನಗಳಲ್ಲಿ ಬಹಳಷ್ಟು ಕೆಲವೇ ಕೆಲವು ಮೂಲ ಸಂಖ್ಯೆಗಳ ಮೇಲೆ ನಿಂತಿದ್ದವು. ಇಡೀ ಜಿಲ್ಲೆಯ ಮನೆಗಳಿಗೆ ನಾಲ್ಕೇ ಕೀಲಿಕೈ ಮಾಡಿಸಿದಂತೆ!

ಇನ್ನೊಂದು ಉಪಾಯವನ್ನು ಅಮೆರಿಕದ ಸ್ಯಾಮಿ ಕಾಮ್ಕರ್ 2015ರಲ್ಲಿ ತೋರಿಸಿದ. ಯಜಮಾನ ಒತ್ತಿದಾಗ ಅವನ ಯಂತ್ರ ಗದ್ದಲ ಎಬ್ಬಿಸಿ, ಮಾತು ಬಾಗಿಲಿಗೆ ತಲುಪದಂತೆ ಮಾಡಿ, ತಾನು ಮಾತ್ರ ಕೇಳಿಸಿಕೊಳ್ಳುತ್ತದೆ. ಯಜಮಾನ ಇನ್ನೊಮ್ಮೆ ಒತ್ತುತ್ತಾನೆ. ಎರಡನೆಯದನ್ನೂ ಹಿಡಿದಿಟ್ಟುಕೊಂಡು ಮೊದಲನೆಯದನ್ನು ಬಾಗಿಲಿಗೆ ಕೊಡುತ್ತದೆ. ಬಾಗಿಲು ತೆರೆಯಿತೆಂದು ಯಜಮಾನ ಹೋಗುತ್ತಾನೆ, ಬಳಸದ ಮಾತೊಂದು ಕಳ್ಳನ ಬಳಿ ಉಳಿಯುತ್ತದೆ.

ಈಗ ಗುಂಡಿಯನ್ನೂ ಒತ್ತಬೇಕಿಲ್ಲದ ಕಾರುಗಳಿವೆ. 1990ರ ದಶಕದ ಕೊನೆಗೆ ಮರ್ಸಿಡಿಸ್ ಇಂಥದನ್ನು ತಂದಿತು. ಕೀ ಜೇಬಿನಲ್ಲಿದ್ದು ನೀವು ಹತ್ತಿರ ಬಂದರೆ ಸಾಕು. 2011ರಲ್ಲಿ ಜೂರಿಕ್‌ನ ಸಂಶೋಧಕರು ಎಂಟು ತಯಾರಕರ ಹತ್ತು ಮಾದರಿಗಳನ್ನು ಪರೀಕ್ಷಿಸಿ, ಮನೆಯೊಳಗಿನ ಕೀಯ ದನಿಯನ್ನು ಅಂಗಳದ ಕಾರಿನವರೆಗೆ ಹೊತ್ತೊಯ್ದರೆ ಅದು ‘ಯಜಮಾನ ಪಕ್ಕದಲ್ಲೇ ಇದ್ದಾನೆ’ ಎಂದು ನಂಬುತ್ತದೆಂದು ತೋರಿಸಿದರು. ಸಂಕೇತ ಒಡೆಯುವ ಅಗತ್ಯವೇ ಬೀಳಲಿಲ್ಲ. ಇದಕ್ಕೆ ಉತ್ತರವಾಗಿ ಈಚಿನ ಕೆಲವು ಕಾರುಗಳು ಅಲೆ ಹೋಗಿ ಬರುವ ಸಮಯವನ್ನೇ ಅಳೆಯುತ್ತವೆ. ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಅಲೆ ಹೋಗುವುದು ಕೇವಲ 30 ಸೆಂಟಿಮೀಟರ್. ಆ ಲೆಕ್ಕವನ್ನು ಮೋಸಗೊಳಿಸುವುದು ಸುಲಭವಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಪೇಟೆಯ ಕಾಪಿ ಯಂತ್ರಕ್ಕೆ ಒಮ್ಮೆ ಒತ್ತಿ ತೋರಿಸಿದರೆ ನಕಲಾಗುವ ರಿಮೋಟ್ ಒಂದೇ ಮಾತಿನದು ಎಂದು ತಿಳಿಯಿರಿ. ಗೇಟಿಗೂ ಶಟರಿಗೂ ಕೊಳ್ಳುವಾಗ ‘ರೋಲಿಂಗ್ ಕೋಡ್ ಐತೇನು?’ ಎಂದು ಕೇಳಿರಿ. ರಿಮೋಟ್ ಕಳೆದರೆ ಹೊಸದನ್ನು ಕಲಿಸಿದರೆ ಸಾಲದು, ಹಳೆಯದನ್ನು ರಿಸೀವರಿನ ನೆನಪಿನಿಂದ ಅಳಿಸಬೇಕು. ಕಾರು ಮುಚ್ಚಿದ ಮೇಲೆ ಹಿಡಿಕೆ ಎಳೆದು ನೋಡಿರಿ. ಗುಂಡಿ ಒತ್ತದ ಕೀಯನ್ನು ರಾತ್ರಿ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿಡಬಹುದು, ಆದರೆ ಕಾರಿನ ಬಳಿ ಹೋಗಿ ಡಬ್ಬಿ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿರಿ. ನಮ್ಮ ಕಿರಾಣಿಯವರು ರಿಸೀವರ್ ಬದಲಿಸಿ, ಜೊತೆಗೆ ಶಟರಿನ ಬುಡಕ್ಕೆ ಹಳೆಯ ಕಬ್ಬಿಣದ ಕೀಲಿಯನ್ನೂ ಹಾಕಿದ್ದಾರೆ. ಈಗ ನಿದ್ದೆ ಬರುತ್ತದಂತೆ.

ಹುಡುಗನಿಗೆ ನಾವು ಕೊಟ್ಟ ಉತ್ತರ ಇಷ್ಟೇ: “ಎಲ್ಲಾ ಗಾಡಿಗೂ ಕೇಳಸ್ತದಪ್ಪಾ. ಆದ್ರ ತನ್ನ ಪುಸ್ತಕದೊಳಗ ಆ ಮಾತು ಇದ್ದ ಗಾಡಿ ಮಾತ್ರ ಬಾಗಲಾ ತೆಗೀತದ.” ಅವನು ತುಸು ಯೋಚಿಸಿ ಮತ್ತೆ ಕೇಳಿದ: “ಹಂಗಾದ್ರ ಗಾಡಿಗೆ ನಮ್ಮ ಕಾಕಾನ ಗುರ್ತ ಇಲ್ಲೇ ಇಲ್ಲೇನ್ರಿ?” ಇಲ್ಲ. ಅದಕ್ಕೆ ಗೊತ್ತಿರುವುದು ಮಾತು ಮಾತ್ರ, ಮನುಷ್ಯನಲ್ಲ. ಇಷ್ಟನ್ನು ನೆನಪಿಟ್ಟುಕೊಂಡವನು ರಿಮೋಟನ್ನು ಕಂಡಕಂಡವರ ಕೈಗೆ ಕೊಡಲಾರ.