ಲಾಂಚೋ, ಸೇತುವೆಯೋ?

ನವಿಲುತೀರ್ಥದ ಅಣೆಕಟ್ಟನ್ನು ಕಂಡ ನಮ್ಮ ಸವದತ್ತಿ ಸೀಮೆಯವರಿಗೆ ಮುಳುಗಡೆಯೆಂಬ ಮಾತು ಹೊಸದಲ್ಲ. ಆದರೆ ಶರಾವತಿ ದಂಡೆಯವರ ಕಷ್ಟ ಇನ್ನೊಂದು ಬಗೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ತಾಲ್ಲೂಕಿನ ತುಮರಿ, ಸಿಗಂದೂರು ಮೊದಲಾದ ಊರುಗಳು ಹಿನ್ನೀರಿನಾಚೆ ಉಳಿದುಬಿಟ್ಟವು. ನಾಡಿಗೆ ವಿದ್ಯುತ್ತು ಬಂತು. ಅವರಿಗೆ ತಾಲ್ಲೂಕು ಕೇಂದ್ರದ ದಾರಿಯೇ ನೀರಾಯಿತು. ಬೆನ್ನಹಿಂದೆ ಕಾಡಿನ ಸುತ್ತುದಾರಿಯಿದ್ದುದರಿಂದ ಅದು ಪೂರ್ತಿ ದ್ವೀಪವಲ್ಲ. ಜನ ಮಾತ್ರ ದ್ವೀಪವೆಂದೇ ಕರೆದರು.

ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚು ಜನರೊಡನೆ ವಾಹನಗಳನ್ನೂ ದಾಟಿಸುತ್ತಿತ್ತು. ಚೌಡೇಶ್ವರಿಯ ದರ್ಶನಕ್ಕೆ ಹೋಗುವ ನಮ್ಮಂಥವರಿಗೆ ಅದೊಂದು ವಿಹಾರ. ಊರವರಿಗೋ? ಸಂಜೆ ಲಾಂಚು ನಿಂತ ಮೇಲೆ ಹೆರಿಗೆನೋವು ಬಂದವಳ ಗತಿಯೇನು? ಬೇಸಿಗೆಯಲ್ಲಿ ನೀರು ತೀರ ಇಳಿದರೆ ವಾಹನಗಳನ್ನು ಹತ್ತಿಸುತ್ತಿರಲಿಲ್ಲ. ಲಾಂಚಿನ ಸೊಬಗಿಗೆ ಮರುಗುವವರಲ್ಲಿ ಹೆಚ್ಚಿನವರು ಆ ದಡದಲ್ಲಿ ರಾತ್ರಿ ಕಳೆಯಬೇಕಾಗಿರದವರು ಎಂದೇ ನನ್ನ ಭಾವನೆ.

2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಕೇಬಲ್ ಆಧಾರಿತ ಸೇತುವೆ ಸಂಚಾರಕ್ಕೆ ತೆರೆಯಿತು. ಅಣೆಕಟ್ಟಾಗಿ 61 ವರ್ಷಗಳ ಮೇಲೆ! ಶರಾವತಿಯ ಮುಳುಗಡೆಯನ್ನೇ ‘ದ್ವೀಪ’ ಕಾದಂಬರಿಯಾಗಿಸಿದ ಸಾಗರದ ನಾ. ಡಿಸೋಜರು ಆ ವರ್ಷದ ಜನವರಿ 5ರಂದೇ ತೀರಿಕೊಂಡಿದ್ದರು.